ಹೆಡ್‌ಸೆಟ್ ಹಾಕಿಕೊಂಡ ಡಿಸೈನರ್

“ಪುಸ್ತಕದ ಮುಖಪುಟ ಮಾಡ್ತಿದ್ದವಳು ಈಗ ಬೈಗುಳ ಎಣಿಸ್ತಾ ಕೂತಿದ್ದಾಳೆ ಅಂತ ನಮ್ಮ ಹಳೇ ಗುಂಪಲ್ಲಿ ಮಾತು,” ಎಂದು ಅವನು ಶುರು ಮಾಡಿದ.

“ಎಣಿಸೋದು ಸಾಫ್ಟ್‌ವೇರು. ನಾನು ವಿಂಗಡಿಸ್ತೀನಿ,” ಎಂದಳು ಅವಳು.

ಒಂದು ಕಾಲಕ್ಕೆ ಇಬ್ಬರೂ ಒಂದೇ ಡಿಸೈನ್ ಸ್ಟುಡಿಯೊದಲ್ಲಿ ಅಕ್ಕಪಕ್ಕದ ಮೇಜಿನವರು. ಅವನು ಈಗಲೂ ಅದೇ ಕಸುಬಿನಲ್ಲಿದ್ದಾನೆ: ಲೋಗೊ, ಪ್ಯಾಕೇಜಿಂಗ್, ಈಚೆಗೆ ಹೆಚ್ಚಾಗಿ ಮೊಬೈಲ್ ಆ್ಯಪ್‌ನ ಪರದೆಗಳು. ಅವಳು ಏಜೆಂಟ್ ಆಗಿ ಸೇರಿ, ಟೀಮ್ ಲೀಡ್ ಆಗಿ, ಈಗ ಬೆಂಗಳೂರಿನ ಒಂದು ಆನ್‌ಲೈನ್ ವ್ಯಾಪಾರದ ಕಂಪನಿಯಲ್ಲಿ ಗ್ರಾಹಕ ಸೇವೆಯ ಮುಖ್ಯಸ್ಥೆ. ಇಂಥ ಬದಲಾವಣೆಯನ್ನು ನಮ್ಮಲ್ಲಿ ಯಾರೂ ಬಡ್ತಿ ಎನ್ನುವುದಿಲ್ಲ. ಚಿತ್ರಕಲೆ ಓದಿದ ಮಗಳು ಕಾಲ್ ಸೆಂಟರಿಗೆ ಹೋದಳು ಎಂದರೆ ನೆಂಟರು ಮೊದಲು ಕೇಳುವುದು “ಯಾಕೆ, ಏನಾಯ್ತು?” ಎಂದೇ. ಅವನೂ ಕೇಳಲು ಬಂದದ್ದು ಅದನ್ನೇ. ಆದರೆ ಅವನಿಗೆ ಸ್ವಂತ ಕಾರಣವೊಂದಿತ್ತು. ಅವನೂ ಕಸುಬು ಬದಲಿಸುವ ಯೋಚನೆಯಲ್ಲಿದ್ದ.

“ನನಗೆ ಅನುಕೂಲ ಇದೆ ಅಂತ ಅನ್ಸುತ್ತೆ,” ಎಂದ. “ಬಳಕೆದಾರನ ಜಾಗದಲ್ಲಿ ನಿಂತು ನೋಡೋದು ನಮ್ಮ ಕಸುಬೇ ಅಲ್ವಾ? ಸಹಾನುಭೂತಿ, ಅದೂ ಇದೂ...”

“ಆ ಪದ ಎಲ್ಲರ ಪೋರ್ಟ್‌ಫೋಲಿಯೊದಲ್ಲೂ ಇರುತ್ತೆ. ಮೊದಲ ವಾರವೇ ಅದಕ್ಕೆ ಪರೀಕ್ಷೆ. ಐದು ಜನರನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, ಆ್ಯಪ್ ತೋರಿಸಿ ‘ಹೇಗನಿಸ್ತು’ ಅಂತ ಕೇಳೋ ಸಹಾನುಭೂತಿ ಬೇರೆ. ಆರನೇ ಗಂಟೆಯಲ್ಲಿ, ನಲವತ್ತನೇ ಕರೆಯಲ್ಲಿ, ನಿನ್ನದಲ್ಲದ ತಪ್ಪಿಗೆ ಬೈತಿರೋರ ಆರ್ಡರ್ ಸಂಖ್ಯೆಯನ್ನು ಸರಿಯಾಗಿ ಬರ್ಕೊಳ್ಳೋದು ಬೇರೆ.”

ಅವನು ಸುಲಭಕ್ಕೆ ಬಿಡುವವನಲ್ಲ. ಮನೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯ ಹೆಸರು ತೆಗೆದ. ಅದರ ಸ್ಥಾಪಕರಲ್ಲಿ ಬ್ರಯಾನ್ ಚೆಸ್ಕಿ, ಜೋ ಗೆಬ್ಬಿಯಾ ಇಬ್ಬರೂ ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಓದಿದವರು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಿಸೈನ್ ಸಮ್ಮೇಳನ ನಡೆದಾಗ ಹೋಟೆಲ್‌ಗಳಲ್ಲಿ ಜಾಗವಿರಲಿಲ್ಲ; ಇವರು ತಮ್ಮ ಮನೆಯಲ್ಲಿ ಗಾಳಿ ತುಂಬುವ ಹಾಸಿಗೆ ಹಾಸಿ ಬಾಡಿಗೆಗೆ ಕೊಟ್ಟರು. ಜಗತ್ತಿನ ಅತಿ ದೊಡ್ಡ ಆತಿಥ್ಯದ ಕಂಪನಿಗಳಲ್ಲೊಂದು ಹುಟ್ಟಿದ್ದು ಡಿಸೈನರ್‌ಗಳ ಕೈಯಲ್ಲೇ, ಇನ್ನೇನು ಪುರಾವೆ ಬೇಕು ಎಂಬುದು ಅವನ ವಾದ.

“2011ರ ಕತೆಯನ್ನೂ ಸೇರಿಸ್ಕೊ,” ಎಂದಳು. ಆ ವರ್ಷ ಅದೇ ಊರಿನಲ್ಲಿ, ಆ ಸೈಟಿನ ಮೂಲಕ ಮನೆ ಬಾಡಿಗೆಗೆ ಕೊಟ್ಟ ಮಹಿಳೆಯೊಬ್ಬರು ವಾಪಸು ಬಂದು ನೋಡಿದರೆ ಮನೆ ಲೂಟಿಯಾಗಿತ್ತು. ಅವರು ಅದನ್ನು ಬಹಿರಂಗವಾಗಿ ಬರೆದರು, ಸುದ್ದಿ ಎಲ್ಲೆಡೆ ಹಬ್ಬಿತು. ಆಗಸ್ಟ್ ಹೊತ್ತಿಗೆ ಚೆಸ್ಕಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು, 50,000 ಡಾಲರ್‌ವರೆಗಿನ ಹಾನಿಗೆ ಖಾತರಿ ಘೋಷಿಸಿದರು, ದಿನದ 24 ಗಂಟೆಯೂ ಉತ್ತರಿಸುವ ಸಹಾಯವಾಣಿ ತೆರೆಯುವುದಾಗಿ ಹೇಳಿದರು. “ಮನೆಗಳ ಫೋಟೊ ಚೆನ್ನಾಗಿ ಬರಲಿ ಅಂತ 2009ರಲ್ಲೇ ನ್ಯೂಯಾರ್ಕ್‌ಗೆ ಹೋಗಿ ತಾವೇ ಕ್ಯಾಮೆರಾ ಹಿಡಿದಿದ್ದವರು ಅವರು. ಇಡೀ ರಾತ್ರಿ ಫೋನ್ ಎತ್ತೋ ವ್ಯವಸ್ಥೆ ಬಂದದ್ದು ಎರಡು ವರ್ಷ ಬಿಟ್ಟು, ಊರು ಕೊಳ್ಳೆ ಹೊಡೆದ ಮೇಲೆ. ಡಿಸೈನರ್‌ಗಳಿಗೆ ಸೇವೆ ತಾನಾಗೇ ಗೊತ್ತಿರುತ್ತೆ ಅನ್ನೋದಕ್ಕೆ ಇದು ಒಳ್ಳೇ ಪುರಾವೆಯಲ್ಲ.”

“ಹಾಗಾದರೆ ನೀನು ಕಲಿತದ್ದು ಏನು?”

“ಮೊದಲು ಲೆಕ್ಕ.”

ಕಾಗದವೊಂದನ್ನು ಎಳೆದುಕೊಂಡು ಅವಳು ಅಂಕಿ ಬರೆದಳು. ಅರ್ಧ ಗಂಟೆಗೆ ನೂರು ಕರೆ. ಪ್ರತಿ ಕರೆಗೆ ಸರಾಸರಿ ಮೂರು ನಿಮಿಷ. ಒಟ್ಟು ಮುನ್ನೂರು ನಿಮಿಷದ ಮಾತು. ಮೂವತ್ತರಿಂದ ಭಾಗಿಸಿದರೆ ಹತ್ತು. ಎಂದರೆ ಹತ್ತು ಜನ ಸಾಕು?

“ಸಾಕಲ್ವಾ?”

“ಹತ್ತೇ ಜನ ಕೂತರೆ ಸಾಲು ಬೆಳೀತಾನೇ ಹೋಗುತ್ತೆ. ಕರೆಗಳು ನಿಮಿಷಕ್ಕೆ ಮೂರರ ಹಾಗೆ ಶಿಸ್ತಾಗಿ ಬರಲ್ಲ. ಒಂದು ನಿಮಿಷ ಒಂದೂ ಇಲ್ಲ, ಮುಂದಿನ ನಿಮಿಷ ಏಳು. ಆ ಖಾಲಿ ನಿಮಿಷವನ್ನು ತೆಗೆದಿಟ್ಟು ಆಮೇಲೆ ಬಳಸೋಕೆ ಬರಲ್ಲ.”

ಈ ಲೆಕ್ಕ ಹಳೆಯದು. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಅರ್ಲಾಂಗ್ 1909ರಲ್ಲಿ ಇದರ ಬುನಾದಿ ಹಾಕಿ, 1917ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ಇವತ್ತಿಗೂ ಕಾಲ್ ಸೆಂಟರಿನ ರೋಸ್ಟರ್ ತಯಾರಾಗುವುದು ಆ ಸೂತ್ರದ ಮೇಲೆಯೇ. ಅವಳ ಉದಾಹರಣೆಗೆ ಅದನ್ನು ಹಚ್ಚಿದರೆ, ಹನ್ನೊಂದು ಜನ ಇದ್ದಾಗ ಕರೆ ಮಾಡಿದವರು ಸರಾಸರಿ ಎರಡು ನಿಮಿಷ ಕಾಯುತ್ತಾರೆ. ಹನ್ನೆರಡು ಜನ ಇದ್ದರೆ 40 ಸೆಕೆಂಡು. ಹದಿಮೂರಾದರೆ 17. ಹನ್ನೊಂದನೆಯವರ ಜೊತೆಗೆ ಇನ್ನೊಬ್ಬರು ಬಂದು ಕೂತದ್ದಕ್ಕೆ ಕಾಯುವ ಹೊತ್ತು ಮೂರನೇ ಒಂದಕ್ಕೆ ಇಳಿಯಿತು. ಅದೇ ರೀತಿ, ಹನ್ನೆರಡರಲ್ಲಿ ಒಬ್ಬರು ಜ್ವರ ಬಂದು ಮಲಗಿದರೆ ಮೂರು ಪಟ್ಟು ಏರಿತು. ನೂರರಲ್ಲಿ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕೆಂಬುದು ಈ ಉದ್ಯಮದ ರೂಢಿ. ಅದಕ್ಕೆ ಇಲ್ಲಿ ಹೆಚ್ಚುಕಡಿಮೆ ಹದಿಮೂರು ಜನ ಬೇಕು. ಊಟ, ತರಬೇತಿ, ರಜೆ ಇದರಲ್ಲಿ ಸೇರಿಲ್ಲ.

“ಅಂದರೆ ಹದಿಮೂರು ಜನರಲ್ಲಿ ಮೂವರು ಯಾವಾಗಲೂ ಸುಮ್ಮನೆ ಕೂತಿರಬೇಕು?”

“ಸರಾಸರಿ ಲೆಕ್ಕದಲ್ಲಿ ಹೌದು. ಹಣಕಾಸಿನವರ ಕಣ್ಣಿಗೆ ಮೊದಲು ಬೀಳೋದೂ ಅವರೇ. ಆ ಮೂವರನ್ನು ಉಳಿಸಿಕೊಳ್ಳೋದೇ ನನ್ನ ಅರ್ಧ ಕೆಲಸ. ಸ್ಟುಡಿಯೊದಲ್ಲಿ ಪುಟದ ಅಂಚಿನ ಖಾಲಿ ಜಾಗ ಉಳಿಸೋಕೆ ಕ್ಲೈಂಟ್ ಜೊತೆ ಜಗಳ ಆಡ್ತಿದ್ದೆ, ನೆನಪಿದೆಯಾ? ‘ಅಲ್ಲಿ ಇನ್ನೊಂದು ಫೋಟೊ ಹಿಡಿಯುತ್ತಲ್ಲ’ ಅಂತಿದ್ದರು. ಈಗಲೂ ಅದೇ ಜಗಳ.”

ಈ ಹೋಲಿಕೆ ಅವನಿಗೆ ಹಿಡಿಸಿತು. ಆದರೆ ಅವಳು ಅಲ್ಲಿ ನಿಲ್ಲದೆ ಕಾಗದದ ಕೆಳಗೆ ಇನ್ನೊಂದು ಸಾಲು ಬರೆದಳು. ಅದೇ ನೂರು ಕರೆಗಳನ್ನು ಭಾಷೆಯ ಪ್ರಕಾರ ಎರಡು ಸಾಲು ಮಾಡೋಣ: ಐವತ್ತು ಕನ್ನಡಕ್ಕೆ, ಐವತ್ತು ಹಿಂದಿಗೆ. ಎರಡೂ ಕಡೆ ಅದೇ ರೂಢಿಯನ್ನು ಮುಟ್ಟಬೇಕಾದರೆ ಪ್ರತಿ ಸಾಲಿಗೆ ಎಂಟು ಜನ ಬೇಕಾಗುತ್ತಾರೆ. ಒಟ್ಟು ಹದಿನಾರು. ಕರೆ ಒಂದೂ ಹೆಚ್ಚಾಗಿಲ್ಲ, ಆದರೆ ಮೂರು ಸಂಬಳ ಹೆಚ್ಚಾಯಿತು. ಸಾಲು ಚಿಕ್ಕದಾದಷ್ಟೂ ಏರಿಳಿತದ ಪೆಟ್ಟು ಜೋರು ಎಂಬುದು ಅರ್ಲಾಂಗ್ ಸೂತ್ರದ ಇನ್ನೊಂದು ಮುಖ.

ಕನ್ನಡಕ್ಕೆ ಎರಡನ್ನು ಒತ್ತಿ ಎಂದು ಹೇಳಿಸಿಕೊಂಡು, ಒತ್ತಿ, ಹಾಡು ಕೇಳುತ್ತಾ ಕೂತು, ಕೊನೆಗೆ ಹಿಂದಿಯಲ್ಲಿ ‘ಹೇಳಿ ಸರ್’ ಎನಿಸಿಕೊಂಡ ಅನುಭವ ಕರ್ನಾಟಕದಲ್ಲಿ ಯಾರಿಗಿಲ್ಲ? ಉದಾಸೀನ ಅದರ ಒಂದು ಕಾರಣ, ಅನುಮಾನವೇ ಇಲ್ಲ. ಇನ್ನೊಂದು ಕಾರಣ ಈ ಮೂರು ಸಂಬಳ. ಅವಳು ಕಂಡುಕೊಂಡ ದಾರಿ ಸರಳ: ಸಾಲು ಒಡೆಯದೆ, ಎರಡೂ ಭಾಷೆ ಬಲ್ಲವರನ್ನೇ ಆರಿಸಿ ತಂದು, ಕರೆಯನ್ನು ಮೊದಲು ಬಿಡುವಾದವರಿಗೆ ಕಳಿಸುವುದು. ಹದಿಮೂರೇ ಸಾಕು. ಹುಬ್ಬಳ್ಳಿ, ಕಲಬುರಗಿ, ಬಳ್ಳಾರಿ ಕಡೆಯ ಹುಡುಗ ಹುಡುಗಿಯರಿಗೆ ಎರಡು ಮೂರು ಭಾಷೆ ಹುಟ್ಟಿನಿಂದ ಬಂದಿರುತ್ತದೆ. ಇಂಗ್ಲಿಷ್ ಉಚ್ಚಾರಣೆಯನ್ನು ಜರಡಿ ಹಿಡಿಯುವ ನೇಮಕಾತಿಯವರಿಗೆ ಅದು ಕಾಣುತ್ತಿರಲಿಲ್ಲ ಅಷ್ಟೆ.

ಅವನು ತುಸು ಹೊತ್ತು ಅಂಕಿಗಳನ್ನೇ ನೋಡಿದ. “ಇದೆಲ್ಲ ಸರಿ. ಇದಕ್ಕೆ ಡಿಸೈನರ್ ಯಾಕೆ? ಲೆಕ್ಕ ಬಲ್ಲ ಯಾರನ್ನಾದರೂ ಕೂರಿಸಬಹುದಲ್ಲ?”

ಒಳ್ಳೆಯ ಪ್ರಶ್ನೆ. ಅವಳು ಉತ್ತರಕ್ಕೆ ಬ್ರಿಟನ್ನಿನ ನಿರ್ವಹಣಾ ಸಲಹೆಗಾರ ಜಾನ್ ಸೆಡನ್ ಅವರನ್ನು ಕರೆತಂದಳು. ಸೇವಾ ಸಂಸ್ಥೆಗಳಿಗೆ ಬರುವ ಬೇಡಿಕೆಯನ್ನು ಸೆಡನ್ ಎರಡಾಗಿ ನೋಡುತ್ತಾರೆ. ಒಂದು, ಜನರಿಗೆ ನಿಜಕ್ಕೂ ಬೇಕಾದದ್ದನ್ನು ಕೇಳಿ ಬರುವ ಕರೆ. ಇನ್ನೊಂದು, ಸಂಸ್ಥೆ ಮಾಡಬೇಕಾದ್ದನ್ನು ಮಾಡದೆ ಹೋದದ್ದರಿಂದ, ಅಥವಾ ಸರಿಯಾಗಿ ಮಾಡದ್ದರಿಂದ ಹುಟ್ಟುವ ಕರೆ. ಎರಡನೆಯದಕ್ಕೆ ಎಷ್ಟು ಚೆನ್ನಾಗಿ ಉತ್ತರ ಕೊಟ್ಟರೂ ಅದು ನಷ್ಟದ ವ್ಯವಹಾರವೇ. ಆನ್‌ಲೈನ್ ವ್ಯಾಪಾರದಲ್ಲಿ ಇದಕ್ಕೊಂದು ಅಡ್ಡಹೆಸರೇ ಇದೆ: ವಿಸ್ಮೊ. ನನ್ನ ಆರ್ಡರ್ ಎಲ್ಲಿದೆ ಎಂದು ಕೇಳುವ ಕರೆಗಳಿಗೆಲ್ಲ ಫ್ಲೋರ್‌ನಲ್ಲಿ ಹೇಳುವುದು ಹಾಗೆ.

“ನಾನು ಏಜೆಂಟ್ ಆಗಿದ್ದಾಗ ಈ ಕರೆಗಳು ಬಂದವು ಅಂದರೆ ಬಂದವು. ಎಲ್ಲರೂ ಚಕಚಕ ಅಂತ ಉತ್ತರ ಕೊಡ್ತಿದ್ದರು. ಎರಡು ನಿಮಿಷದ ಕರೆ, ಎಎಚ್‌ಟಿ, ಅಂದರೆ ಒಂದು ಕರೆಗೆ ಹಿಡಿಯೋ ಸರಾಸರಿ ಹೊತ್ತು, ಚೆನ್ನಾಗಿ ಕಾಣುತ್ತೆ. ಪರದೆ ತೆರೆದು ನೋಡಿದೆ. ‘ನಿಮ್ಮ ವಸ್ತು ಶೀಘ್ರದಲ್ಲೇ ತಲುಪಲಿದೆ’ ಅಂತ ಇತ್ತು. ದಿನಾಂಕ ಇಲ್ಲ. ಸುತ್ತ ಚೆಂದದ ಹಸಿರು ಬಣ್ಣ, ಓಡೋ ಲಾರಿಯ ಚಿತ್ರ. ಆ ಲಾರಿ ಮಾಡಿದವರಿಗೆ ಎಷ್ಟು ದಿನ ಹಿಡಿದಿರುತ್ತೆ ಅಂತ ನಂಗೊತ್ತು. ಲಾರಿ ತೆಗೆಸಿ ದಿನಾಂಕ ಹಾಕಿಸೋಕೆ ಅದಕ್ಕಿಂತ ಹೆಚ್ಚು ದಿನ ಹಿಡೀತು.”

“ಯಾಕೆ?”

“ದಿನಾಂಕ ಹಾಕಿದರೆ ಅದು ಮಾತು ಕೊಟ್ಟ ಹಾಗೆ. ಗೋದಾಮಿನವರು ಒಪ್ಪಬೇಕು, ಕೊರಿಯರ್‌ನವರು ಒಪ್ಪಬೇಕು. ಲಾರಿಯ ಚಿತ್ರಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.”

ಕಸುಬು ಬದಲಿಸಿದ ಡಿಸೈನರ್‌ನ ನಿಜವಾದ ಬಂಡವಾಳ ಇಲ್ಲಿದೆ ಎಂದು ಕಾಣುತ್ತದೆ. ದೂರು ಬಂದಾಗ ಸಾಮಾನ್ಯ ಮೇಲ್ವಿಚಾರಕರು ಹುಡುಕುವುದು ಮನುಷ್ಯನನ್ನು: ಗ್ರಾಹಕ ಸಿಡುಕನೇ, ಏಜೆಂಟ್ ಒರಟನೇ ಎಂದು. ಡಿಸೈನ್ ಕಲಿತವರು ಹುಡುಕುವುದು ವಸ್ತುವನ್ನು. ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ಎಂದು ತಿಳಿಯದೆ ಜನ ತಡವರಿಸಿದರೆ ತಪ್ಪು ಜನರದ್ದಲ್ಲ, ಹಿಡಿಕೆಯದ್ದು ಎಂದು ಡಾನ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಆ ಪಾಠ ಸ್ಟುಡಿಯೊದಲ್ಲಿ ಎಲ್ಲರಿಗೂ ಬಾಯಿಪಾಠ. ಅದನ್ನು ನೂರಾರು ಟಿಕೆಟ್‌ಗಳ ಮುಂದೆ ಕೂತು, ದಿನವೂ, ಬೇಸರವಿಲ್ಲದೆ ಬಳಸುವವರು ಕಡಿಮೆ.

ವಿಚಿತ್ರವೆಂದರೆ, ಸೇವೆಯನ್ನೂ ನಕ್ಷೆಯಾಗಿ ಬರೆಯಬಹುದು ಎಂದು ತೋರಿಸಿಕೊಟ್ಟದ್ದು ಡಿಸೈನರ್ ಅಲ್ಲ, ಬ್ಯಾಂಕಿನ ಅಧಿಕಾರಿಯಾಗಿದ್ದ ಲಿನ್ ಶೋಸ್ಟ್ಯಾಕ್. 1984ರ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಲೇಖನದಲ್ಲಿ ಆಕೆ ಆರಿಸಿಕೊಂಡ ಉದಾಹರಣೆ ರಸ್ತೆ ಮೂಲೆಯ ಬೂಟ್ ಪಾಲಿಶ್. ಹಂತ ಹಂತವಾಗಿ ಗೆರೆ ಎಳೆದು, ಎಲ್ಲಿ ಎಡವಬಹುದು ಎಂದು ಗುರುತು ಹಾಕಿದರು. ತಪ್ಪು ಬಣ್ಣದ ಮೇಣ ಹಚ್ಚುವುದು ಅಂಥ ಒಂದು ಜಾಗ. ಗಿರಾಕಿಗೆ ಕಾಣುವುದರ ಮತ್ತು ಕಾಣದ್ದರ ನಡುವೆ ಒಂದು ಗೆರೆ. ಮೇಣವನ್ನು ಎಲ್ಲಿಂದ ಕೊಂಡರು ಎಂಬುದು ಗೆರೆಯ ಕೆಳಗೆ.

“ನಾವು ಬದುಕಿದ್ದೆಲ್ಲ ಆ ಗೆರೆಯ ಮೇಲೆ. ನಾನೀಗ ಇರೋದು ಕೆಳಗೆ,” ಎಂದಳು.

ಅವನಿಗೆ ಬೇಕಿದ್ದದ್ದು ಇನ್ನೂ ಹತ್ತಿರದ ಉದಾಹರಣೆ. ಡಿಸೈನರ್ ಒಬ್ಬ ಸೇವೆಯ ಹೊಣೆ ಹೊತ್ತು ಗೆದ್ದದ್ದು ಎಲ್ಲಾದರೂ ಉಂಟೇ? ಉಂಟು. ಅಮೆರಿಕದ ಫ್ಲಾರಿಡಾದಲ್ಲಿ 2006ರಲ್ಲಿ ಶುರುವಾದ ವುಫೂ ಎಂಬ ಪುಟ್ಟ ಕಂಪನಿ ಆನ್‌ಲೈನ್ ಫಾರ್ಮ್‌ಗಳನ್ನು ಮಾಡುವ ಸಾಧನ ಕೊಡುತ್ತಿತ್ತು. ಅದರ ಸ್ಥಾಪಕರಲ್ಲೊಬ್ಬರಾದ ಕೆವಿನ್ ಹೇಲ್ ವಿನ್ಯಾಸದ ಕಡೆಯವರು. ಅಲ್ಲಿ ನಿಯಮ ಒಂದೇ: ತಯಾರಿಸಿದವರೇ ಸರದಿಯ ಮೇಲೆ ಗ್ರಾಹಕರಿಗೆ ಉತ್ತರ ಕೊಡಬೇಕು. ಕೋಡ್ ಬರೆದವನಿಗೆ ತನ್ನದೇ ಎಡವಟ್ಟಿನ ಬಗ್ಗೆ ಹತ್ತು ಸಲ ಕ್ಷಮೆ ಕೇಳಬೇಕಾಗಿ ಬಂದರೆ ಹನ್ನೊಂದನೆಯ ಸಲಕ್ಕೆ ಮೊದಲು ರಿಪೇರಿ ಆಗುತ್ತದೆ ಎಂಬ ಲೆಕ್ಕಾಚಾರ. ದೂರಿನ ಫಾರ್ಮ್‌ನಲ್ಲಿ ಹೇಲ್ ತಂಡ ಒಂದು ಖಾನೆ ಸೇರಿಸಿತು: ಈಗ ನಿಮ್ಮ ಮನಃಸ್ಥಿತಿ ಹೇಗಿದೆ? ತಮಾಷೆಗೆ ಹಾಕಿದಂತಿದ್ದ ಆ ಖಾನೆಯನ್ನು, ಯಾವ ಬ್ರೌಸರ್ ಬಳಸುತ್ತಿದ್ದೀರಿ ಎಂಬ ಖಾನೆಯನ್ನು ತುಂಬಿದಷ್ಟೇ ಹೆಚ್ಚುಕಡಿಮೆ ಜನ ತುಂಬಿದರು. ಸಿಟ್ಟನ್ನು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿದ ಮೇಲೆ ಪತ್ರಗಳ ಭಾಷೆಯೂ ಮೆದುವಾಯಿತು ಎಂದು ಹೇಲ್ ಆಮೇಲೆ ಹೇಳಿದ್ದಾರೆ. ಹತ್ತು ಜನರ ಆ ಕಂಪನಿಯನ್ನು 2011ರಲ್ಲಿ ಸರ್ವೆಮಂಕಿ 3.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

“ಹತ್ತು ಜನರಲ್ಲಿ ಆಗುತ್ತೆ. ನಿನ್ನ ಹತ್ರ ಎಷ್ಟು ಜನ ಇದ್ದಾರೆ?”

“ಹತ್ತಕ್ಕಿಂತ ತುಂಬಾ ಹೆಚ್ಚು. ಅವರು ಯಾರೂ ಆ್ಯಪ್ ಮಾಡಿದವರಲ್ಲ. ಕಷ್ಟ ಇರೋದೇ ಅಲ್ಲಿ. ತಪ್ಪು ಮಾಡೋದು ಒಂದು ಮಹಡಿಯಲ್ಲಿ, ಕ್ಷಮೆ ಕೇಳೋದು ಇನ್ನೊಂದು ಮಹಡಿಯಲ್ಲಿ.”

ಇಲ್ಲಿಂದ ಮಾತು ಸ್ವಲ್ಪ ಬಿಗಿಯಾಯಿತು. ಅವನ ಕೈಯಲ್ಲಿದ್ದ ಸದ್ಯದ ಕೆಲಸ ಒಂದು ಚಂದಾ ಸೇವೆಯ ಪರದೆಗಳು. ಚಂದಾ ನಿಲ್ಲಿಸುವ ಬಟನ್‌ಅನ್ನು ಮೂರು ಪರದೆ ಒಳಗಿಡಿ, ಬಣ್ಣ ಬೂದಿಯಿರಲಿ ಎಂದು ಬ್ರೀಫ್ ಬಂದಿತ್ತು. ಅವನು ಅದನ್ನು ಮಾತಿನ ನಡುವೆ ಸಹಜವಾಗಿ ಹೇಳಿಬಿಟ್ಟ.

“ಅದು ಈಗ ಕಾನೂನಿಗೆ ವಿರುದ್ಧ,” ಎಂದಳು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ, ಎಂದರೆ ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿದೆ. ಚಂದಾ ಬಲೆ ಅದರಲ್ಲೊಂದು. ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಬೆಲೆಯನ್ನು ಕೊನೆಯ ಪರದೆವರೆಗೆ ಹನಿ ಹನಿಯಾಗಿ ತೋರಿಸುವುದು, ಬೇಡ ಎಂದವರನ್ನು ನಾಚಿಸುವ ವಾಕ್ಯ ಬರೆಯುವುದು ಎಲ್ಲ ಆ ಪಟ್ಟಿಯಲ್ಲಿವೆ. ಅದಕ್ಕೂ ಮೊದಲೇ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

“ಕ್ಲೈಂಟ್ ಹೇಳಿದ್ದು ಮಾಡ್ತೀವಿ. ನಾನು ಮಾಡದಿದ್ದರೆ ಇನ್ನೊಬ್ಬ ಮಾಡ್ತಾನೆ.”

“ಇನ್ನೊಬ್ಬ ಮಾಡಿದ್ದು ನಂಗೆ ಬರುತ್ತೆ. ಬೂದಿ ಬಣ್ಣದ ಬಟನ್ ಸಿಗದವರು ಏನು ಮಾಡ್ತಾರೆ? ಫೋನ್ ಮಾಡ್ತಾರೆ. ಎತ್ತೋಳು ತಿಂಗಳ ಹಿಂದೆ ಸೇರಿದ ಹುಡುಗಿ. ಮೂರು ಪರದೆ ಒಳಗೆ ಇಟ್ಟವನ ಹೆಸರು ಅವಳಿಗೆ ಗೊತ್ತಿಲ್ಲ.”

ಆ ಹುಡುಗಿಯ ಬಗ್ಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಬರೆದಿದ್ದಾರೆ ಎನ್ನಬಹುದು. ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿದ ಆಕೆ, ಸಂಬಳಕ್ಕಾಗಿ ಭಾವನೆಯನ್ನು ಹದಗೊಳಿಸಿಕೊಳ್ಳುವುದೂ ಒಂದು ದುಡಿಮೆ ಎಂದು ತೋರಿಸಿದರು. ಕಂಪ್ಯೂಟರ್ ಮುಂದೆ ಬೆಳೆದ ಡಿಸೈನರ್‌ಗೆ ನಾಯಕತ್ವದ ಈ ಭಾಗ ತೀರಾ ಹೊಸದು. ಒಂದು ಪುಟ ಚೆನ್ನಾಗಿ ಬರಲಿಲ್ಲವೆಂದರೆ ರಾತ್ರಿಯಿಡೀ ಕೂತು ತಾನೇ ಸರಿಮಾಡಬಹುದು. ಒಬ್ಬ ಏಜೆಂಟ್ ಕರೆ ಮುಗಿಸಿ ಅಳುತ್ತಾ ಎದ್ದರೆ ಅವರ ಬದಲು ಅಳಲಾಗುವುದಿಲ್ಲ. ಮುಂದಿನ ಕರೆಯಿಂದ ಅವರನ್ನು ಹತ್ತು ನಿಮಿಷ ತಪ್ಪಿಸಬಹುದು. ಆ ಹತ್ತು ನಿಮಿಷಕ್ಕೆ ಮತ್ತೆ ಹನ್ನೆರಡು ಹನ್ನೊಂದಾಗುತ್ತದೆ, ಸಾಲು ಎರಡು ನಿಮಿಷಕ್ಕೆ ಏರುತ್ತದೆ. ಅವಳು ಲೆಕ್ಕವನ್ನು ಮೊದಲು ಹೇಳಿದ್ದು ಸುಮ್ಮನೆ ಅಲ್ಲ.

“ಇದನ್ನೆಲ್ಲ ಚಾಟ್‌ಬಾಟ್ ನೋಡ್ಕೊಳ್ಳುತ್ತೆ ಬಿಡು,” ಎಂದ ಅವನು, ಅರ್ಧ ತಮಾಷೆಗೆ. ಅವನ ಸ್ಟುಡಿಯೊದಲ್ಲಿ ಚಿತ್ರ ಬಿಡಿಸುವ ಎಐ ಬಂದು ಇಬ್ಬರ ಕೆಲಸ ಹೋಗಿತ್ತು. ಅವನು ದಾರಿ ಹುಡುಕುತ್ತಿದ್ದುದಕ್ಕೆ ಅದೂ ಕಾರಣ. ಅಲ್ಲಿಂದ ಓಡಿ ಇಲ್ಲಿಗೆ ಬಂದರೆ ಇಲ್ಲೂ ಅದೇ ಕಾದಿದೆಯೇ?

ಕಾದಿದೆ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರ ಫೆಬ್ರುವರಿಯಲ್ಲಿ, ತನ್ನ ಎಐ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆ ನಡೆಸಿತು, 700 ಏಜೆಂಟರ ಕೆಲಸಕ್ಕೆ ಅದು ಸಮ ಎಂದು ಸಾರಿತು. ಮರುವರ್ಷ ಅದರ ಮುಖ್ಯಸ್ಥರೇ ಗುಣಮಟ್ಟ ಇಳಿದದ್ದನ್ನು ಒಪ್ಪಿ, ಮನುಷ್ಯರನ್ನು ಮತ್ತೆ ತೆಗೆದುಕೊಳ್ಳುವ ಮಾತಾಡಿದರು. ಏರ್ ಕೆನಡಾದ್ದು ಇನ್ನೂ ಸ್ವಾರಸ್ಯ. ಅಜ್ಜಿ ತೀರಿಕೊಂಡ ಪ್ರಯಾಣಿಕನಿಗೆ ಅದರ ಚಾಟ್‌ಬಾಟ್, ಮೊದಲು ಟಿಕೆಟ್ ಕೊಂಡು ಆಮೇಲೆ ರಿಯಾಯಿತಿಗೆ ಅರ್ಜಿ ಹಾಕಬಹುದು ಎಂದಿತ್ತು. ನಿಯಮ ಹಾಗಿರಲಿಲ್ಲ. ವಿವಾದ ನ್ಯಾಯಮಂಡಳಿಗೆ ಹೋದಾಗ, ಬಾಟ್‌ನ ಮಾತಿಗೆ ಬಾಟೇ ಹೊಣೆ ಎಂಬಂಥ ವಾದವನ್ನು ಕಂಪನಿ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿ ಒಟ್ಟು 800 ಕೆನಡಾ ಡಾಲರ್‌ಗೂ ಸ್ವಲ್ಪ ಹೆಚ್ಚು ಪರಿಹಾರ ಕೊಡಿಸಿತು.

“ಸುಲಭದ ಕರೆ ಬಾಟ್‌ಗೆ ಹೋಗುತ್ತೆ, ಹೋಗಲಿ. ಅಂದರೆ ನಮ್ಮವರ ಹತ್ರ ಉಳಿಯೋದು ಬರೀ ಕಷ್ಟದ್ದು. ಸರಾಸರಿ ಮೂರು ನಿಮಿಷ ಇದ್ದದ್ದು ಏಳಾಗುತ್ತೆ. ನಿರ್ದೇಶಕರ ಸಭೆಯಲ್ಲಿ ‘ಯಾಕೆ ನಿಮ್ಮವರು ನಿಧಾನ ಆದರು’ ಅಂತ ಕೇಳ್ತಾರೆ.”

“ಒಂದು ವಿಷಯ ಕೇಳ್ತೀನಿ,” ಎಂದ ಅವನು. “ಕರೆ ಹುಟ್ಟೋ ಕಾರಣವನ್ನೇ ಕಿತ್ತು ಹಾಕೋದು ನಿನ್ನ ಕೆಲಸ ಅಂತೀಯ. ಕರೆ ಕಡಿಮೆಯಾದರೆ ನಿನ್ನ ತಂಡ ಚಿಕ್ಕದಾಗುತ್ತೆ, ಬಜೆಟ್ ಇಳಿಯುತ್ತೆ. ಕೆಲಸ ಚೆನ್ನಾಗಿ ಮಾಡಿದಷ್ಟೂ ನಿನ್ನ ಕುರ್ಚಿ ಚಿಕ್ಕದು. ಇದ್ಯಾವ ನಾಯಕತ್ವ?”

ಅವಳು ಇದನ್ನು ಅಲ್ಲಗಳೆಯಲಿಲ್ಲ. ಕಂಪನಿಗಳು ಸೇವಾ ವಿಭಾಗವನ್ನು ಅಳೆಯುವುದು ಎಷ್ಟು ಕರೆ ಎತ್ತಿದರು, ಎಷ್ಟು ಬೇಗ ಮುಗಿಸಿದರು, ಗ್ರಾಹಕ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂಕ ಕೊಟ್ಟ ಎಂಬುದರಿಂದ. ಬಾರದೆ ಹೋದ ಕರೆಗೆ ಅಂಕವಿಲ್ಲ. ಅವಳು ಮಾಡಿಸಿಕೊಂಡ ಒಂದು ಬದಲಾವಣೆ ಎಂದರೆ, ತಿಂಗಳ ವರದಿಯ ಮೊದಲ ಸಾಲಿನಲ್ಲಿ ಒಟ್ಟು ಕರೆಗಳ ಬದಲು, ನೂರು ಆರ್ಡರಿಗೆ ಎಷ್ಟು ಕರೆ ಎಂದು ಬರೆಯುವುದು. ಅದರ ಪಕ್ಕದಲ್ಲಿ, ಆ ಕರೆ ಯಾವ ವಿಭಾಗದ ಯಾವ ಪರದೆಯಿಂದ ಹುಟ್ಟಿತು ಎಂಬ ಹೆಸರು. ಮೊದಲ ವರದಿಗೆ ಮೂರು ವಿಭಾಗದ ಮುಖ್ಯಸ್ಥರು ಸಿಟ್ಟಾದರು. ಒಬ್ಬರು ಈಗಲೂ ಮಾತಾಡಿಸುವುದಿಲ್ಲ. ತಂಡ ಚಿಕ್ಕದಾಗುವ ಪ್ರಶ್ನೆಗೆ ಅವಳ ಬಳಿ ಪೂರ್ತಿ ಉತ್ತರವಿಲ್ಲ. ಬಿಟ್ಟುಹೋದವರ ಜಾಗ ತುಂಬದೆ ನಿಭಾಯಿಸುತ್ತಿದ್ದಾಳೆ, ಇಬ್ಬರನ್ನು ಡಿಸೈನ್ ವಿಭಾಗಕ್ಕೇ ಕಳಿಸಿದ್ದಾಳೆ. ಅಲ್ಲಿ ಅವರ ಸಂಬಳ ಹೆಚ್ಚು.

“ನನ್ನ ಸಂಬಳ?”

“ಮೊದಲ ವರ್ಷ ಈಗಿನದಕ್ಕಿಂತ ಕಡಿಮೆ. ನೇರವಾಗಿ ಲೀಡ್ ಆಗ್ತೀನಿ ಅಂತ ಬರಬೇಡ, ಫ್ಲೋರ್‌ನವರು ನಂಬಲ್ಲ. ಕೆಲವು ತಿಂಗಳು ಕರೆ ಎತ್ತಬೇಕು. ರಾತ್ರಿ ಶಿಫ್ಟ್ ಬೀಳುತ್ತೆ.”

“ಪೋರ್ಟ್‌ಫೋಲಿಯೊ ತರಲಾ?”

“ಲೋಗೊ ಯಾರೂ ನೋಡಲ್ಲ. ಆ ಬೂದಿ ಬಟನ್ ಬಗ್ಗೆ ಕ್ಲೈಂಟ್‌ಗೆ ಏನು ಬರೆದೆ ಅಂತ ತೋರಿಸಿದರೆ ನಾನು ನೋಡ್ತೀನಿ.”

ಅವನು ಇನ್ನೂ ಏನೂ ಬರೆದಿರಲಿಲ್ಲ. ಮಾತು ತಿರುಗಿಸಿ, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದ.

“ಟೈಪಿಂಗ್ ವೇಗ. ಒಂದು ಸಿಟ್ಟಿನ ಇಮೇಲ್ ಕೊಟ್ಟು ಉತ್ತರ ಬರೆಸ್ತಾರೆ. ಆಮೇಲೆ ಭಾಷೆಗಳು.”

“ಕನ್ನಡ, ಇಂಗ್ಲಿಷ್, ಹಿಂದಿ. ಮನೇಲಿ ತುಳು. ಅಜ್ಜಿ ಕಾಸರಗೋಡಿನವರು, ಹಾಗಾಗಿ ಮಲಯಾಳ ಅರ್ಥ ಆಗುತ್ತೆ, ತಪ್ಪುತಪ್ಪಾಗಿ ಮಾತಾಡ್ತೀನಿ.”

“ಇಷ್ಟು ಹೊತ್ತು ಅದನ್ನ ಹೇಳದೆ ಸಹಾನುಭೂತಿ ಅಂತಿದ್ದೆಯಲ್ಲೋ,” ಎಂದು ಅವಳು ರೋಸ್ಟರ್ ತೆರೆದು, ಯಾವ ವಾರ ಜಾಗ ಖಾಲಿಯಿದೆ ಎಂದು ನೋಡತೊಡಗಿದಳು.